ಏಳನೇ ನಿಯಮ, ಇಪ್ಪತ್ತೊಂದು ದಿನ

ಸರಕಾರಿ ಪ್ರೌಢಶಾಲೆಯ ಸಂಗೀತ ಶಿಕ್ಷಕಿಯಾಗಿ ನಾನು ನಿವೃತ್ತಳಾಗಲು ಹದಿನಾಲ್ಕು ತಿಂಗಳು ಉಳಿದಿದ್ದ ವರ್ಷದ ಮಾತಿದು. ಆಗ ನಾನು ಜೇವರ್ಗಿಯಲ್ಲಿದ್ದೆ. ಅದಕ್ಕೂ ಮೊದಲು ಯಡ್ರಾಮಿಯಲ್ಲಿ ಒಂಬತ್ತು ವರ್ಷ, ಅಫಜಲಪುರದಲ್ಲಿ ಏಳು ವರ್ಷ ಕೆಲಸ ಮಾಡಿದ್ದೆ. ನಾಡಗೀತೆಯಿಂದ ಹಿಡಿದು ಖ್ಯಾಲದವರೆಗೆ ಸಾವಿರಾರು ಮಕ್ಕಳಿಗೆ ಕಲಿಸಿದ್ದರೂ, ನನ್ನ ನೌಕರಿಯ ದಿನಗಳನ್ನು ಯಾರಾದರೂ ಕೆದಕಿದರೆ ಮೊದಲು ನೆನಪಾಗುವುದು ನಾನೇ ಬರೆದ ಒಂದು ಪುಟದ ನಿಯಮಾವಳಿ.

ಅಫಜಲಪುರದಲ್ಲಿ ತೊಗರಿ ವ್ಯಾಪಾರದ ಅಡತಿ ಅಂಗಡಿ ಇಟ್ಟಿದ್ದ ಬಸಣ್ಣ ಸಾಹುಕಾರರು ತಮ್ಮ ತಂದೆಯ ನೆನಪಿಗೆ ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲ್ಲೂಕುಗಳ ಮಕ್ಕಳಿಗಾಗಿ ಶಾಸ್ತ್ರೀಯ ಪೇಟಿ ಸ್ಪರ್ಧೆ ನಡೆಸುತ್ತಿದ್ದರು. ಹಾರ್ಮೋನಿಯಂಗೆ ನಮ್ಮ ಕಡೆ ಪೇಟಿ ಅನ್ನುತ್ತೇವೆ. ಮೊದಲ ಬಹುಮಾನವೆಂದರೆ ಮಿರಜದಲ್ಲಿ ಹೇಳಿ ಮಾಡಿಸಿದ ಹೊಸ ಪೇಟಿ ಮತ್ತು ಎರಡು ವರ್ಷದ ಸಂಗೀತ ಪಾಠದ ಖರ್ಚು. ಎರಡನೆಯದಕ್ಕೆ ಎಲೆಕ್ಟ್ರಾನಿಕ್ ತಂಬೂರಿ, ಮೂರನೆಯದಕ್ಕೆ ತಬಲಾ ಜೋಡಿ. ಹಿಂದಿನ ವರ್ಷ ಫಲಿತಾಂಶದ ವೇಳೆ ಪಾಲಕರ ನಡುವೆ ಜಗಳವಾಗಿ ಕುರ್ಚಿಗಳು ಹಾರಾಡಿದ್ದವು. ಅಲ್ಲಿಯವರೆಗೆ ಸ್ಪರ್ಧೆಗೆ ಇದ್ದದ್ದು ಒಂದೇ ನಿಯಮ: ತೀರ್ಪುಗಾರರ ತೀರ್ಮಾನವೇ ಅಂತಿಮ.

ಸಾಹುಕಾರರು ನನ್ನ ಶಾಲೆಗೇ ಬಂದರು. "ಟೀಚರ್, ನೀವು ಯಾರ ಪಕ್ಷನೂ ಅಲ್ಲ. ನಿಮ್ಮ ಹುಡುಗರು ಯಾರೂ ಸ್ಪರ್ಧೆದಾಗ ಇಲ್ಲ. ಬರಾಬರ್ ನಿಯಮ ಬರದು ಕೊಡ್ರಿ. ನೀವು ಬರದದ್ದು ನಾ ಒಂದಕ್ಷರ ತಿದ್ದಂಗಿಲ್ಲ" ಅಂದರು.

ನಾನು ಒಪ್ಪಿದೆ. ನಾನು ಒಬ್ಬರ ವಿರುದ್ಧ ಪಕ್ಷ ಎಂಬುದು ಅವರಿಗೆ ಗೊತ್ತಿರಲಿಲ್ಲ.

ಆ ಒಬ್ಬರು ಆಳಂದದ ಗುರುನಾಥ ಮಾಸ್ತರ್. ಐವತ್ತು ವರ್ಷದಿಂದ ಸಂಗೀತ ಶಾಲೆ ನಡೆಸಿದವರು. ಈ ಭಾಗದಲ್ಲಿ ಎಲ್ಲಿ ಸ್ಪರ್ಧೆಯಾದರೂ ಅವರೇ ಮುಖ್ಯ ತೀರ್ಪುಗಾರರು. ನನಗೆ ಹದಿನಾಲ್ಕು ವರ್ಷವಿದ್ದಾಗ ಆಳಂದದಲ್ಲಿ ಅಂಥದೇ ಒಂದು ಸ್ಪರ್ಧೆ ನಡೆದಿತ್ತು. ನನ್ನ ಅಪ್ಪ ಜೇವರ್ಗಿಯ ದರ್ಜಿ. ಮನೆಯಲ್ಲಿ ಪೇಟಿ ಇರಲಿಲ್ಲ. ಮಠದ ಭಜನಾ ಮಂಡಳಿಯ ಪೇಟಿಯನ್ನು ಅವರು ಬಳಸದ ಹೊತ್ತಿನಲ್ಲಿ ಬಾರಿಸಿ ಕಲಿತಿದ್ದೆ. ಅಂದು ಮೊದಲ ಬಹುಮಾನವೂ ಪೇಟಿಯೇ. ನಾನು ಬಾರಿಸಿ ಇಳಿದಾಗ ತಬಲಾ ಸಾಥಿಯೇ ಎದ್ದು ನಿಂತು ಚಪ್ಪಾಳೆ ತಟ್ಟಿದ್ದರು.

ಫಲಿತಾಂಶಕ್ಕೆ ಮೊದಲು ಗುರುನಾಥ ಮಾಸ್ತರ್ ಅಪ್ಪನನ್ನು ಪಕ್ಕಕ್ಕೆ ಕರೆದರು. ನಾನು ಅಪ್ಪನ ಬೆನ್ನ ಹಿಂದೆಯೇ ಇದ್ದೆ. ಮಾಸ್ತರ್ ಕೈಯಲ್ಲಿದ್ದ ಅಂಕಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ನಲವತ್ತಾರು ಎಂದು ಬರೆದದ್ದನ್ನು ಹೊಡೆದುಹಾಕಿ ಮೂವತ್ತಾರು ಮಾಡಿದ್ದರು.

"ಮಗಳು ಛಲೋ ಬಾರಿಸ್ತಾಳ, ಖರೆ. ಆದ್ರ ಎರಡು ವರ್ಷಕ್ಕ ಲಗ್ನ ಮಾಡ್ತೀರಿ. ಪೇಟಿ ಅಟ್ಟಕ್ಕ ಬೀಳ್ತದ. ಗಂಡುಹುಡುಗಗ ಹೋದ್ರ ನಾಕು ಮಂದಿಗೆ ಉಪಯೋಗ ಆಗ್ತದ. ಏನಂತೀರಿ?"

ಅಪ್ಪ ಕೈ ಮುಗಿದು "ಹೌದ್ರಿ" ಅಂದ. ಪೇಟಿ ಮಾಸ್ತರರ ಶಿಷ್ಯನೊಬ್ಬನಿಗೆ ಹೋಯಿತು. ಆ ಹುಡುಗ ಮುಂದೆ ಸಂಗೀತ ಬಿಟ್ಟು ಗೊಬ್ಬರದ ಅಂಗಡಿ ಹಾಕಿದ. ನಾನು ಬಿಡಲಿಲ್ಲ. ಆ "ಹೌದ್ರಿ"ಯನ್ನೂ ಬಿಡಲಿಲ್ಲ.

ಹೀಗಾಗಿ ನಿಯಮ ಬರೆಯಲು ಕುಳಿತಾಗ ನನ್ನ ಎದುರಿಗೆ ಇದ್ದದ್ದು ಮಕ್ಕಳಲ್ಲ, ಮಾಸ್ತರ್. ಮೂರು ಸಂಜೆಗಳಲ್ಲಿ ಒಂಬತ್ತು ನಿಯಮ ಬರೆದೆ. ವಯಸ್ಸು ಹತ್ತರಿಂದ ಹದಿನಾರು. ಒಂದು ರಾಗ, ಹನ್ನೆರಡು ನಿಮಿಷ. ಸ್ಪರ್ಧಿಗಳ ಗುರು ಅಥವಾ ಸಂಬಂಧಿಕರು ತೀರ್ಪುಗಾರರಾಗಲೀ ಸಮಿತಿಯ ಸದಸ್ಯರಾಗಲೀ ಆಗುವಂತಿಲ್ಲ, ಇದು ನಾಲ್ಕನೆಯದು. ಅಂಕಗಳನ್ನು ಶಾಯಿಯಲ್ಲೇ ಬರೆಯಬೇಕು, ಹೊಡೆದು ತಿದ್ದಿದ ಹಾಳೆ ರದ್ದು, ಇದು ಐದನೆಯದು. ಅದನ್ನು ಬರೆಯುವಾಗ ಪೆನ್ನು ಕಾಗದವನ್ನು ಹರಿಯುವಷ್ಟು ಒತ್ತಿದ್ದೆ.

ಏಳನೆಯದು ನನ್ನ ಬತ್ತಳಿಕೆಯ ನಿಜವಾದ ಬಾಣ. ಅದನ್ನು ಸ್ವಲ್ಪ ವಿವರಿಸಬೇಕು. ಪೇಟಿಯಲ್ಲಿ ಬೆರಳಿನಿಂದ ಒತ್ತುವ ಕೀಲಿಗಳಿಗೆ ಮನೆ ಅನ್ನುತ್ತೇವೆ. ಅವುಗಳಲ್ಲಿ ಯಾವುದನ್ನು ಬೇಕಾದರೂ ಷಡ್ಜ, ಅಂದರೆ 'ಸಾ', ಎಂದು ಹಿಡಿಯಬಹುದು. ಕರಿ ಮನೆಗಳಲ್ಲಿ ಮೊದಲನೆಯದಕ್ಕೆ ಕರಿ ಒಂದು, ಬಿಳಿಯಲ್ಲಿ ಎರಡನೆಯದಕ್ಕೆ ಬಿಳಿ ಎರಡು, ಹೀಗೆ ಹೆಸರು. 'ಸಾ' ಬದಲಾದರೆ ಬೆರಳುಗಳ ದಾರಿಯೇ ಬದಲಾಗುತ್ತದೆ. ಸ್ಕೇಲ್ ಚೇಂಜರ್ ಎಂಬ ಪೇಟಿಯಲ್ಲಿ ಮಾತ್ರ ಮನೆಗಳ ಸಾಲನ್ನೇ ಅತ್ತಿತ್ತ ಸರಿಸಬಹುದು. ಬೆರಳು ಕಲಿತ ದಾರಿ ಒಂದೇ ಇದ್ದರೂ ನಡೆಯುತ್ತದೆ. ಗುರುನಾಥ ಮಾಸ್ತರ್ ತಮ್ಮ ಶಿಷ್ಯರಿಗೆಲ್ಲ ಕರಿ ಒಂದರಿಂದ ಮಾತ್ರ ಕಲಿಸುತ್ತಾರೆ, ಉಳಿದದ್ದನ್ನು ಸ್ಕೇಲ್ ಚೇಂಜರ್‌ಗೆ ಬಿಡುತ್ತಾರೆ ಎಂದು ನನಗೆ ಗೊತ್ತಿತ್ತು. ಏಳನೇ ನಿಯಮ ಹೀಗಿತ್ತು: "ಎಲ್ಲರೂ ಸಮಿತಿ ಒದಗಿಸುವ ಸಾದಾ ಪೇಟಿಯನ್ನೇ ಬಾರಿಸಬೇಕು. ಐದು ಚೀಟಿಗಳಲ್ಲಿ ಒಂದನ್ನು ಎತ್ತಿ, ಅದರಲ್ಲಿ ಬಂದ ಮನೆಯಿಂದಲೇ ರಾಗವನ್ನು ಬಾರಿಸಬೇಕು."

ಸಂಗೀತ ಬಲ್ಲ ಯಾರೂ ಆ ನಿಯಮವನ್ನು ತಪ್ಪು ಅನ್ನಲಾರರು. ನಾನು ಮಾಡಿದ ಕೆಟ್ಟ ಕೆಲಸ ಬೇರೆ. ಆ ನಿಯಮದಂತೆ ಬಾರಿಸುವುದನ್ನು ಕಲಿಯಲು ಮಕ್ಕಳಿಗೆ ನಾಲ್ಕೈದು ತಿಂಗಳಾದರೂ ಬೇಕು. ಕರಡು ಬೇಗನೆ ಸಿದ್ಧವಾಗಿದ್ದರೂ ಅದನ್ನು ನನ್ನ ಕಪಾಟಿನಲ್ಲೇ ಇಟ್ಟುಕೊಂಡೆ. ಸ್ಪರ್ಧೆಗೆ ಸರಿಯಾಗಿ ಇಪ್ಪತ್ತೊಂದು ದಿನ ಇದ್ದಾಗ ಸಾಹುಕಾರರಿಗೆ ಕೊಟ್ಟೆ. ಆ ವರ್ಷ ಮಾಸ್ತರ್ ತಮ್ಮ ಮೊಮ್ಮಗಳು ಸ್ನೇಹಾಳನ್ನು ಸ್ಪರ್ಧೆಗೆ ತರುತ್ತಿದ್ದಾರೆ, ಹದಿಮೂರು ವರ್ಷದ ಆ ಹುಡುಗಿಯ ಕೈಗೆ ಮೂರು ತಾಲ್ಲೂಕಿನಲ್ಲಿ ಜೋಡಿಯಿಲ್ಲ ಎಂಬ ಸುದ್ದಿ ನನ್ನನ್ನು ಸುಟ್ಟಿತ್ತು. ದರ್ಜಿಯ ಮಗಳಿಗೆ ಬೇಡವಾದ ಪೇಟಿ ಮಾಸ್ತರರ ಮೊಮ್ಮಗಳಿಗೆ ಬೇಕಾಯಿತೇ?

ನಿಯಮಾವಳಿ ಹೊರಬಿದ್ದ ನಾಲ್ಕನೇ ದಿನ ಕರಜಗಿಯಿಂದ ಮಲ್ಲಪ್ಪ ಎಂಬ ರೈತ ಬಂದ. ಮಗಳ ಅರ್ಜಿ ವಾಪಸ್ ಕೇಳಲು.

"ಆಕಿ ಒಂದೇ ಮನಿಯಿಂದ ಕಲ್ತಾಳ್ರಿ. ಇಷ್ಟು ಲಗೂ ಬರಂಗಿಲ್ಲ ಅಂತ ಅಳಾಕತ್ತಾಳ. ಮಂದಿ ಮುಂದ ನಗೆಗೀಡು ಆಗೋದು ಬ್ಯಾಡಂತ…"

"ಮುಂದಿನ ವರ್ಷ ಬರ್ಲಿ" ಅಂದೆ.

ಆತ ಕೈ ಮುಗಿದು "ಹೌದ್ರಿ" ಅಂದು ಹೋದ. ಆ ಮಾತು ಎಲ್ಲೋ ಚುಚ್ಚಿತು. ಆದರೆ ನಾನು ಅಂದು ಬೇರೆ ಬೇಟೆಯ ಮೇಲೆ ಕಣ್ಣಿಟ್ಟಿದ್ದೆ. ಬಂದ ಇಪ್ಪತ್ಮೂರು ಅರ್ಜಿಗಳಲ್ಲಿ ನಾಲ್ಕು ಹೀಗೆ ವಾಪಸ್ ಹೋದವು.

ಹತ್ತನೇ ದಿನ ಗುರುನಾಥ ಮಾಸ್ತರ್ ತಾವೇ ನನ್ನ ಮನೆಗೆ ಬಂದರು. ಎಂಬತ್ತರ ಹತ್ತಿರದ ವಯಸ್ಸು, ಕೈಯಲ್ಲಿ ಕೋಲು. ತೀರ್ಪುಗಾರರ ಸ್ಥಾನ ಹೋದದ್ದರ ಬಗ್ಗೆ ಒಂದು ಮಾತೂ ಆಡಲಿಲ್ಲ.

"ಟೀಚರ್, ನಿಯಮ ಛಲೋ ಅದ. ಈ ವರ್ಷ ಒಂದು ಏಳನೇದು ಬಿಡ್ರಿ. ಮುಂದಿನ ವರ್ಷದಿಂದ ಹಾಕ್ರಿ. ಹುಡುಗಿ ಹಗಲೆಲ್ಲ ಕುಂತು ಬಡದಾಡಾಕತ್ತಾಳ, ಬೆರಳು ಬಾತಾವ."

"ನಿಯಮ ಎಲ್ಲರಿಗೂ ಒಂದೇರಿ, ಮಾಸ್ತರ್."

ಅವರು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ನನಗೆ ತಡೆಯಲಾಗಲಿಲ್ಲ.

"ನನ್ನ ಗುರ್ತು ಹತ್ತಿತೇನ್ರಿ? ಜೇವರ್ಗಿ ದರ್ಜಿ ಮಗಳು. ಆಳಂದದಾಗ ಬಾರಿಸಿದ್ದೆ."

"ಎಷ್ಟೋ ಮಕ್ಕಳು ಬಾರಿಸ್ಯಾರವ್ವ" ಅಂದು ಎದ್ದು ಹೋದರು.

ನಾನು ಅಷ್ಟು ವರ್ಷ ಹೊತ್ತು ತಿರುಗಿದ್ದು ಅವರ ನೆನಪಿನಲ್ಲಿ ಒಂದು ಗೀರೂ ಆಗಿರಲಿಲ್ಲವೆಂದು ತಿಳಿದೆ. ಉಳಿದಿದ್ದ ಅಷ್ಟಿಷ್ಟು ಅಳುಕೂ ಅಂದು ಹೋಯಿತು.

ಸ್ಪರ್ಧೆ ನಡೆದದ್ದು ಅಫಜಲಪುರದ ಒಂದು ಕಲ್ಯಾಣ ಮಂಟಪದಲ್ಲಿ, ಮಧ್ಯಾಹ್ನ. ತೀರ್ಪುಗಾರರು ಮೂವರೂ ಹೊರಗಿನವರು. ಸ್ನೇಹಾ ಹನ್ನೊಂದನೆಯವಳು. ತೆಳ್ಳನೆಯ ಹುಡುಗಿ, ಎರಡು ಜಡೆ, ಬಲಗೈಯ ಎರಡು ಬೆರಳಿಗೆ ಪಟ್ಟಿ. ಭೀಮಪಲಾಸ ರಾಗ ಆರಿಸಿಕೊಂಡಿದ್ದಳು. ಚೀಟಿ ಎತ್ತಿದಳು. ಬಿಳಿ ಎರಡು ಬಂತು.

ಬಿಳಿ ಎರಡರಿಂದ ಭೀಮಪಲಾಸ ಬಾರಿಸಿದರೆ ಎಲ್ಲ ಸ್ವರಗಳೂ ಬಿಳಿ ಮನೆಗಳಲ್ಲೇ ಬರುತ್ತವೆ. ಹೊಸಬರಿಗೆ ಅದಕ್ಕಿಂತ ಸುಲಭದ ದಾರಿಯಿಲ್ಲ. ಆದರೆ ಕರಿ ಮನೆಗಳನ್ನೇ ಗುರುತು ಮಾಡಿಕೊಂಡು ನಡೆದ ಕೈಗೆ ಅದು ಗಿಡಮರವಿಲ್ಲದ ಎರೆಹೊಲ. ಎಲ್ಲಿ ನಿಂತಿದ್ದೇವೆಂದೇ ತಿಳಿಯುವುದಿಲ್ಲ. ಆಲಾಪದಲ್ಲಿ ಹುಡುಗಿ ಹುಷಾರಾಗಿ ಹೆಜ್ಜೆ ಇಟ್ಟಳು. ಆ ನಿಧಾನದಲ್ಲೂ ಅವಳ ಕೈಯಲ್ಲಿ ಎಂಥ ಸಂಗೀತವಿದೆಯೆಂದು ನನಗೆ ತಿಳಿಯಿತು. ಲಯ ಏರಿ ವೇಗದ ತಾನ್‌ಗಳು ಶುರುವಾದಾಗ ಕೈ ಹಳೆಯ ದಾರಿಗೆ ಜಾರಿತು. ಒಂದು ಅಪಸ್ವರ. ತಿದ್ದಿಕೊಂಡಳು. ಮತ್ತೊಂದು. ಮೂರನೆಯ ಸಲ ತಾನ್ ಅರ್ಧಕ್ಕೇ ಕಡಿಯಿತು. ತಬಲಾ ಒಂದು ಆವರ್ತನ ತಾನೊಂದೇ ನಡೆಯಿತು. ಅವಳು ಪೇಟಿಯ ಮೇಲೆ ಕೈಯಿಟ್ಟು ಸುಮ್ಮನೆ ಕುಳಿತುಬಿಟ್ಟಳು.

ನಾನು ಸುಳ್ಳು ಹೇಳಲಾರೆ. ನನಗೆ ಸಂತೋಷವಾಯಿತು. ಎದುರಿನ ಸಾಲಿನಲ್ಲಿ ಮಾಸ್ತರ್ ಕೋಲಿನ ಮೇಲೆ ಗದ್ದವೂರಿ ಕುಳಿತದ್ದನ್ನು ಕಣ್ತುಂಬ ನೋಡಿದೆ. ಅಪ್ಪ ಬದುಕಿದ್ದು ಇದನ್ನು ನೋಡಬೇಕಿತ್ತು ಅಂದುಕೊಂಡೆ. ಸ್ನೇಹಾಳಿಗೆ ಹದಿನಾಲ್ಕನೆಯ ಸ್ಥಾನ ಬಂತು.

ಬಹುಮಾನ ವಿತರಣೆ ಮುಗಿದು ಮಂದಿ ಊಟಕ್ಕೆ ಎದ್ದಾಗ ಮಾಸ್ತರ್ ನನ್ನ ಬಳಿ ಬಂದರು.

"ಇಪ್ಪತ್ತೊಂದು ದಿನ ಅಂತ ಇಟ್ಟಾಕಿ ನೀನೇ ಏನು?"

"ಹೌದು, ನಾನೇ. ಬೇಕಂತನೇ, ಮುದ್ದಾಮ್ ಇಟ್ಟೀನಿ."

"ನಲವತ್ತಾರು ಹೊಡದು ಮೂವತ್ತಾರು ಮಾಡಿದ್ದು ನನಗ ನೆನಪದ" ಅಂದರು. "ನಿಮ್ಮ ಮನಿಗೆ ಬಂದಾಗ್ಲೇ ಗುರ್ತು ಹಿಡದೆ. ಒಪ್ಪಿಕೊಳ್ಳಾಕ ಬಾಯಿ ಬರ್ಲಿಲ್ಲ. ನಾ ಮಾಡಿದ್ದು ಅನ್ಯಾಯನೇ. ಆದ್ರ ನಾ ನಿಮ್ಮಪ್ಪನ ಮಾರಿ ನೋಡಿ ಹೇಳಿದ್ದೆ. ನೀ ನಿಯಮದಾಗ ಬಚ್ಚಿಟ್ಟಿ. ಆ ಕೂಸಿಗೆ ಯಾಕ ಸೋತೆ ಅಂತ ಕಡೀತನಕ ಗೊತ್ತಾಗಂಗಿಲ್ಲ."

ಅವರು ಕ್ಷಮೆ ಕೇಳಲಿಲ್ಲ, ನಾನೂ ಕೇಳಲಿಲ್ಲ. ಅವರು ಊಟ ಮಾಡದೆ ಮೊಮ್ಮಗಳನ್ನು ಕರೆದುಕೊಂಡು ಆಳಂದದ ಬಸ್ಸಿಗೆ ಹೋದರು.

ಎರಡು ವಾರದ ನಂತರ ಸ್ನೇಹಾ ತಾಯಿಯೊಂದಿಗೆ ಜೇವರ್ಗಿಗೆ ಬಂದಳು. ತಾಯಿ ಮಾತಾಡುವ ಮೊದಲೇ ಹುಡುಗಿ ಕೇಳಿದಳು.

"ಮುಂದಿನ ವರ್ಷನೂ ಚೀಟಿ ಎತ್ತಬೇಕೇನ್ರಿ?"

"ಎತ್ತಬೇಕು."

"ಹಂಗಾರ ನನಗ ಐದೂ ಮನಿ ಕಲಸ್ರಿ. ನಮ್ಮಜ್ಜಗ ಕರಿ ಒಂದು ಬಿಟ್ಟು ಬರಂಗಿಲ್ಲ. ಅವರೇ ನಿಮ್ಮ ಕಡೆ ಹೋಗಂದ್ರು."

ಅಜ್ಜ ಕಳಿಸಿದ್ದಾರೆಂದ ಮೇಲೆ ಬೇಡ ಅನ್ನುವ ಆಸೆ ನಾಲಿಗೆಯ ತುದಿಗೆ ಬಂದಿತ್ತು. ಪಟ್ಟಿ ಬಿಚ್ಚಿದ ಅವಳ ಬೆರಳುಗಳನ್ನು ನೋಡಿ ಒಪ್ಪಿಕೊಂಡೆ. ಪ್ರತಿ ರವಿವಾರ ಬಂದಳು. ನಾಲ್ಕನೇ ನಿಯಮದ ಪ್ರಕಾರ ನಾನು ಸಮಿತಿಯಲ್ಲಿ ಇರುವಂತಿರಲಿಲ್ಲ, ರಾಜೀನಾಮೆ ಕೊಟ್ಟೆ. ಕೊಡುವ ಮೊದಲು ಹತ್ತನೆಯ ನಿಯಮವೊಂದನ್ನು ಸೇರಿಸಿದೆ: ನಿಯಮಗಳಲ್ಲಿ ಏನೇ ಬದಲಾದರೂ ಆರು ತಿಂಗಳು ಮೊದಲು ತಿಳಿಸಬೇಕು. ಯಾಕೆಂದು ಸಾಹುಕಾರರು ಕೇಳಿದಾಗ ನಡೆದದ್ದನ್ನೆಲ್ಲ ಹೇಳಿದೆ. ಅವರು "ನಾ ನಿಮ್ಮನ್ನ ಪಕ್ಷ ಇಲ್ಲದಾಕಿ ಅಂತ ತಿಳದಿದ್ದೆ" ಎಂದಷ್ಟೇ ಅಂದರು.

ಮುಂದಿನ ವರ್ಷದ ಸ್ಪರ್ಧೆಯಲ್ಲಿ ಸ್ನೇಹಾಳಿಗೆ ಎರಡನೇ ಬಹುಮಾನ ಬಂತು. ಮೊದಲನೆಯದು ಯಡ್ರಾಮಿಯ ಒಬ್ಬ ಹುಡುಗನಿಗೆ ಹೋಯಿತು. ಅವನು ನಿಜಕ್ಕೂ ಚೆನ್ನಾಗಿ ಬಾರಿಸಿದ್ದ.

ಹಿಂದಿನ ವರ್ಷ ಅರ್ಜಿ ವಾಪಸ್ ಪಡೆದ ನಾಲ್ವರಲ್ಲಿ ಮೂವರು ಬಂದಿದ್ದರು. ಕರಜಗಿಯ ಹುಡುಗಿ ಬರಲಿಲ್ಲ. ಬಸ್ಸು ಹತ್ತಿ ಕರಜಗಿಗೆ ಹೋದೆ. ಮಲ್ಲಪ್ಪ ಕಬ್ಬಿಗೆ ನೀರು ಹಾಯಿಸುತ್ತಿದ್ದ. ನನ್ನನ್ನು ಗುರುತಿಸಿ ಕಾಲುವೆ ದಾಟಿ ಬಂದ.

"ಬಿಟ್ಲ್ರಿ ಟೀಚರ್" ಅಂದ. "ಅರ್ಜಿ ವಾಪಸ್ ತಂದ ದಿನಾನೇ ಬಿಟ್ಲು. ಪೇಟಿ ಎರವಲು ತಂದಿದ್ವಿ, ಅವರದ ಅವರಿಗೆ ಕೊಟ್ಟು ಬಂದ್ವಿ. ಈಗ ಹೊಲಿಗಿ ಕಲ್ಯಾಕ ಹೋಗ್ತಾಳ."

"ಮತ್ತ ಶುರು ಮಾಡ್ಲಿ. ನಾ ಪುಕ್ಕಟೆ ಕಲಸ್ತೇನಿ, ಪೇಟಿನೂ ಕೊಡ್ತೇನಿ" ಅಂದೆ.

ಆತ ಮನೆಗೆ ಕರೆದೊಯ್ದ. ಹುಡುಗಿ ಚಹಾ ತಂದುಕೊಟ್ಟಳು. ನಾನು ಹೇಳಿದ್ದನ್ನೆಲ್ಲ ತಲೆ ತಗ್ಗಿಸಿ ಕೇಳಿ, "ಬ್ಯಾಡ್ರಿ" ಅಂದಳು. ಇನ್ನೊಮ್ಮೆ ಕೇಳಿದಾಗ ಕಪ್ಪು-ಬಸಿ ತೆಗೆದುಕೊಂಡು ಒಳಗೆ ಹೋದಳು.

ಗುರುನಾಥ ಮಾಸ್ತರರನ್ನು ನಾನು ಇಂದಿಗೂ ಕ್ಷಮಿಸಿಲ್ಲ. ಕ್ಷಮಿಸಬೇಕೆಂದು ನನಗೆ ಅನ್ನಿಸಿಯೂ ಇಲ್ಲ. ಆದರೆ ನಾನು ಮಾಡಿದ ಕೆಲಸ ನನಗೆ ಒಂದು ಪಾಠ ಕಲಿಸಿದೆ. ಒಬ್ಬರ ಮುಖ ನೋಡಿ ಬರೆದ ನಿಯಮ ಆ ಒಬ್ಬರ ಮನೆ ಬಾಗಿಲಿಗೆ ನಿಲ್ಲುವುದಿಲ್ಲ. ಬರೆದವರಿಗೆ ಹೆಸರೂ ಗೊತ್ತಿಲ್ಲದ ಮನೆಗಳಿಗೆ ಹೋಗುತ್ತದೆ. ಅಂದು ವಾಪಸ್ ಕೊಟ್ಟ ಅರ್ಜಿಯಲ್ಲಿ ಆ ಹುಡುಗಿಯ ಹೆಸರಿತ್ತು. ನಾನು ಓದಿರಲಿಲ್ಲ. ಭಾಗ್ಯಶ್ರೀ ಎಂದು ನನಗೆ ಗೊತ್ತಾದದ್ದು ಅವಳು ಚಹಾ ತಂದ ಆ ದಿನ, ತಂದೆ ಅವಳನ್ನು ಕೂಗಿದಾಗ.