ಸೋಲಲು ಒಪ್ಪದ ಕೋಚ್

ನೆದರ್ಲೆಂಡ್ಸ್‌ನ ನ್ಯೂವೆಗೈನ್ ಊರಿನ ನಮ್ಮ ಕನ್ನಡಿಗರ ಬಾಸ್ಕೆಟ್‌ಬಾಲ್ ತಂಡಕ್ಕೆ ಕೋಚ್ ಆಗಿದ್ದವರನ್ನು ಎಲ್ಲರೂ ಭಾಯ್ ಎನ್ನುತ್ತಿದ್ದರು. ಪಂದ್ಯದ ಸಮಯ ನೋಡಿಕೊಳ್ಳುವುದು ನನ್ನ ಕೆಲಸ. ಕೊರೊನಾದಿಂದ ಒಳಾಂಗಣ ಕ್ರೀಡಾಂಗಣ ಮುಚ್ಚಿದಾಗಲೂ ಅವರು ಬಯಲಿನ ಅಂಕಣದಲ್ಲಿ, ಕೊರೆಯುವ ಚಳಿಯಲ್ಲಿ, ಹೇಳಿದ ಹೊತ್ತಿಗೆ ಅಭ್ಯಾಸ ಶುರುಮಾಡುತ್ತಿದ್ದರು. ತಡವಾಗಿ ಬಂದವರನ್ನು ಬೈಯುತ್ತಿರಲಿಲ್ಲ; ಮಾಸ್ಕ್ ಸರಿಪಡಿಸಿಕೊಂಡು, "ಬಾರಪ್ಪ, ಚೆಂಡು ಕಾಯ್ತಾ ಇದೆ" ಎನ್ನುತ್ತಿದ್ದರು.

ನಮ್ಮ ಲೀಗಿನಲ್ಲಿ ಕೊನೆಯ ಸ್ಥಾನ ಪಡೆದ ತಂಡಕ್ಕೆ ಮುಂದಿನ ವರ್ಷದ ಹೊಸ ಆಟಗಾರರಲ್ಲಿ ಮೊದಲ ಆಯ್ಕೆ ಸಿಗುತ್ತಿತ್ತು. ಲೈಡನ್ ಊರಿಗೆ ಆಗಷ್ಟೇ ಬಂದಿದ್ದ ಆರೂವರೆ ಅಡಿಯ ತರುಣನ ಮೇಲೆ ಎಲ್ಲರ ಕಣ್ಣಿತ್ತು. ಕೊನೆಯ ಪಂದ್ಯ ಸೋತರೆ ನಾವೇ ಕೊನೆ, ಅವನು ನಮ್ಮವನು.

"ಭಾಯ್, ಸುಮ್ನೆ ಸೋತ್ಬಿಡೋಣ. ಟೀಮ್ ಹೊಸದಾಗಿ ಕಟ್ಬೋದು," ಎಂದ ನಮ್ಮ ತಂಡದ ಅತಿ ಗಿಡ್ಡ ಆಟಗಾರ.

"ಅವನು ಬಂದ್ರೆ ಬೆಂಚ್ ಮೇಲೆ ಕೂರೋದು ನೀನೇ ಕಣೋ," ಎಂದರು ಕೋಚ್. "ಚಳೀಲಿ ತಪ್ಪದೆ ಬಂದಿದ್ದು ನೀನು, ಅವನಲ್ಲ. ನಡಿ, ಚೆಂಡು ಕಾಯ್ತಾ ಇದೆ."

ಗೆದ್ದೆವು. ಆ ತರುಣ, ಸೋತು ಕೊನೆಯವರಾದ ಎದುರಾಳಿಗಳ ತಂಡ ಸೇರಿದ.

ಮುಂದಿನ ಅಭ್ಯಾಸಕ್ಕೆ ಕೋಚ್ ಉದ್ದನೆಯ ಹಿಡಿಯ ಪೊರಕೆಯೊಂದನ್ನು ತಂದು, ರಿಂಗ್‌ನ ಮುಂದೆ ಎತ್ತಿ ಹಿಡಿದು ನಿಂತರು.

"ಅವನ ಕೈ ಇಷ್ಟೆತ್ತರ ಬರುತ್ತೆ. ಇದರ ಮೇಲಿಂದ ಹಾಕಿ, ನೋಡೋಣ."