ಸೂಜಿಯಜ್ಜನಿಗೆ ಮುಟ್ಟದ ಕೂಗು

ಸೂಜಿಯಜ್ಜನ ಅಳಿಯ ಹೊಡೆದದ್ದು ಬೆಲ್ಟಿನ ಬಕಲ್ ಕಡೆಯಿಂದ. ಮೂರನೆಯ ಏಟಿಗೆ, ತವರಿಗೆ ಬಂದಿದ್ದ ಅಜ್ಜನ ಮಗಳ ಹುಬ್ಬು ಸೀಳಿತು. “ಅಪ್ಪಾ, ಬಿಡಿಸಪ್ಪಾ” ಎಂದು ಅವಳು ಕೂಗಿದ್ದು ಓಣಿಯ ಆಚೆ ಬದಿ ನನ್ನ ಮನೆಯಲ್ಲಿ ಪ್ರಾರ್ಥನೆಗೆ ಕೂತಿದ್ದ ನನಗೆ ಕೇಳಿಸಿತು. ಅರ್ಧಕ್ಕೇ ಎದ್ದು ಓಡಿದೆ. ಅಷ್ಟರಲ್ಲಿ ಅವನು ಹಿಂಬಾಗಿಲಿನಿಂದ ಜಾಗ ಖಾಲಿ ಮಾಡಿದ್ದ. ಗೋಡೆ ಮೇಲೆಲ್ಲ ರಕ್ತ. ಆರು ಹೆಜ್ಜೆ ಆಚೆ, ಮುಂದಿನ ಕೋಣೆಯಲ್ಲಿ, ಅವಳಪ್ಪ ಸೂಜಿಯಜ್ಜ ತಲೆ ಬಗ್ಗಿಸಿ ಕೂತೇ ಇದ್ದ. ಭುಜ ಹಿಡಿದು ಅಲುಗಿಸಿದೆ.

“ಏನಮ್ಮಾ, ಯಾವಾಗ ಬಂದೆ?” ಎಂದ.

ಅಜ್ಜನದು ರಫು ಕೆಲಸ. ಇಲಿ ಕಡಿದ, ಸಿಗರೇಟು ಸುಟ್ಟ ಕೋಟುಗಳ ಒಳಮಡಿಕೆಯಿಂದಲೇ ಎಳೆ ಬಿಡಿಸಿ, ಭೂತಗನ್ನಡಿಯ ಕೆಳಗೆ ಒಂದು ಎಳೆಯ ಮೇಲೆ, ಒಂದರ ಕೆಳಗೆ ಸೂಜಿ ನಡೆಸಿ ತೂತು ಮುಚ್ಚುವುದು. ಮನೆಗೆ ಬೆಂಕಿ ಬಿದ್ದರೂ ಹೊಗೆ ಕಣ್ಣಿಗೆ ಬರುವ ತನಕ ಅಜ್ಜ ಏಳುವುದಿಲ್ಲ ಎಂದು ಓಣಿಯವರು ನಗುತ್ತಿದ್ದರು.

ಮಗಳಿಗೆ ಏಳು ಹೊಲಿಗೆ ಬಿತ್ತು. ಅಜ್ಜನ ಕಿವಿ ನೋಡಿದ ಡಾಕ್ಟರು ಏನೂ ದೋಷವಿಲ್ಲ ಎಂದರು. ಅಲ್ಲಿಂದ ಎಲ್ಲ ಕೆಟ್ಟಿತು.

“ಕಿವಿ ನೆಟ್ಟಗಿದೆಯಂತೆ. ಅಂದ್ರೆ ಕೇಳಿಸ್ಕೊಂಡೇ ಕೂತಿದ್ದೆ. ಅಳಿಯನ್ನ ಕಂಡ್ರೆ ಅಷ್ಟು ಪುಕ್ಕಲಾ ನಿಂಗೆ?” ಎಂದಳು ಮಗಳು.

“ಕೇಳಿಸಿದ್ರೆ ಬರ್ತಿರ್ಲಿಲ್ವೇನೇ, ಮಗಳೇ?”

“ಪಕ್ಕದ್ಮನೇಲಿ ಚಮಚ ಬಿದ್ರೆ ಕೇಳುತ್ತೆ ನಿಂಗೆ. ನಾನು ಅವನ ಊರಿಗೇ ವಾಪಸ್ ಹೋಗ್ತೀನಿ. ಅಲ್ಲಿ ಹೊಡೆಯೋನು ಒಬ್ಬನೇ. ಇಲ್ಲಿ ಸುಮ್ನೆ ಕೂರೋರೂ ಇದ್ದಾರೆ.”

ಹೋದರೆ ಹೆಣವಾಗುತ್ತಾಳೆಂದು ನನಗೆ ಗೊತ್ತಿತ್ತು. “ಹೋಗೋದಿದ್ರೆ ಹೋಗು. ಅಪ್ಪ ಕೆಲಸಕ್ಕೆ ಕೂತಾಗ ಒಂದ್ಸಲ ಕರೆದು ನೋಡಿ ಹೋಗು” ಎಂದೆ.

ಮರುದಿನ ಬೆಳಿಗ್ಗೆ ಅವಳು ಮೊದಲಿಗೆ ಕರೆಯಲಿಲ್ಲ. ಕಬ್ಬಿಣದ ಬಕೆಟ್ಟನ್ನು ಅಜ್ಜನ ಬೆನ್ನ ಹಿಂದೆ ನೆಲಕ್ಕೆ ಅಪ್ಪಳಿಸಿದಳು. ನೋಡುತ್ತಿದ್ದ ನಾನೇ ಬೆಚ್ಚಿಬಿದ್ದೆ. ಅಜ್ಜನ ಸೂಜಿ ನಡುಗಲಿಲ್ಲ. ಆಗ ಅಂದಿನದೇ ದನಿಯಲ್ಲಿ, “ಅಪ್ಪಾ, ಬಿಡಿಸಪ್ಪಾ” ಎಂದಳು. ಸೂಜಿ ಒಂದು ಎಳೆಯ ಕೆಳಗೆ ಹೋಗಿ ಮೇಲೆ ಬಂತು. ಅವಳು ಬಕೆಟ್ಟಿನ ಪಕ್ಕದಲ್ಲೇ ಕುಸಿದು ಕೂತಳು. ಊರಿಗೆ ಹೊರಡುವ ಮಾತು ಮತ್ತೆ ಬರಲಿಲ್ಲ.

ಹತ್ತು ದಿನಕ್ಕೆ ಅಳಿಯ ಕಬ್ಬಿಣದ ಸರಳು ಹಿಡಿದು ಹಿಂಬಾಗಿಲಿನಿಂದ ಬಂದ. ನಾನು ಅಜ್ಜನ ಮನೆಯ ಮುಂದಿನ ಮೆಟ್ಟಿಲಲ್ಲಿ ಕೂತು ಗುಂಡಿ ಹೊಲಿಯುತ್ತಿದ್ದೆ. ಹಿಂದಿನ ಕೋಣೆಯಲ್ಲಿ ಮೊದಲ ಪೆಟ್ಟಿಗೆ ಅವಳ ಮುಂಗೈ ಮೂಳೆ ಮುರಿದ ಸದ್ದು ಕೇಳಿ ಒಳಗೆ ನುಗ್ಗಿದೆ. ಅವಳು ಕೂಗಲಿಲ್ಲ. ಜಡೆ ಅವನ ಮುಷ್ಟಿಯಲ್ಲಿದ್ದಂತೆಯೇ ಅವನನ್ನೂ ಎಳೆದುಕೊಂಡು ಮುಂದಿನ ಕೋಣೆಗೆ ಬಂದು, ಇನ್ನೊಂದು ಅಂಗೈಯನ್ನು ಭೂತಗನ್ನಡಿಯ ಕೆಳಗೆ ತೂರಿಸಿದಳು. ಸೂಜಿ ಅಂಗೈಗೆ ಇಳಿಯಿತು.

ಅಜ್ಜ ತಲೆ ಎತ್ತಿದ. ಸರಳು ಮೇಲೆದ್ದಿತ್ತು. ಕೈಗೆ ಸಿಕ್ಕ ಕತ್ತರಿಯನ್ನು ಅಳಿಯನ ತೊಡೆಗೆ ಹಿಡಿಯವರೆಗೂ ಚುಚ್ಚಿದ, ಕಿತ್ತು ಮತ್ತೊಮ್ಮೆ ಚುಚ್ಚಿದ. ಮೂರನೆಯದಕ್ಕೆ ನಾನು ಕೈ ಹಿಡಿದೆ. ಬಿದ್ದವನ ಗಾಯಕ್ಕೂ ಬಟ್ಟೆ ಕಟ್ಟಿದೆ. ಅವನ ಪ್ರಾಣವೂ ದೇವರದೇ.

ಪೊಲೀಸಿನವನು ಅಜ್ಜನನ್ನು ಏನು ನಡೆಯಿತೆಂದು ಕೇಳಿದ. ಅಜ್ಜ ಮಗಳ ಅಂಗೈಯ ಸೂಜಿಗಾಯ ಒರೆಸತೊಡಗಿದ.

“ನಾನು ಕರೆದೆ, ಅಪ್ಪ ಬಂದ” ಎಂದಳು ಮಗಳು. “ಅಷ್ಟು ಬರ್ಕೊಳ್ಳಿ.”