ಗಾಯಕ್ಕೆ ಪಟ್ಟಿ ಕಟ್ಟುವ ಜಟ್ಟೆಮ್ಮ

ಬೆಳಗಿನ ಆರೂಕಾಲು. ವಿಮಾನಪುರದ ಹಿಂಬದಿಯ ಹಳೇ ಊರಿನ ಬೀದಿಯಲ್ಲಿ ಹಾಲಿನವನ ಸ್ಕೂಟರ್ ಬಿಟ್ಟರೆ ಬೇರೆ ಸದ್ದಿಲ್ಲ. ದೊಡ್ಡಮುನಿಯಪ್ಪನವರ ಮನೆಯ ಮುಂದಿನ ಕೋಣೆಯಲ್ಲಿ ಜಟ್ಟೆಮ್ಮ ಮೊಣಕೈವರೆಗೆ ಸೋಪು ಹಚ್ಚಿ ಕೈ ತೊಳೆಯುತ್ತಾರೆ, ಬೆಳಕು ಮಂಚದ ಮೇಲೆ ಬೀಳುವಂತೆ ಪರದೆ ಸರಿಸುತ್ತಾರೆ. ಎಂಬತ್ತಕ್ಕೆ ಕಾಲಿಡುತ್ತಿರುವ ಯಜಮಾನರು ಪಂಚೆಯನ್ನು ತೊಡೆಯವರೆಗೆ ಎತ್ತಿಕೊಂಡು ಮಲಗಿದ್ದಾರೆ. ನಿನ್ನೆಯ ಪಟ್ಟಿ ಚರ್ಮಕ್ಕೆ ಅಂಟಿಕೊಂಡಿದೆ. ಜಟ್ಟೆಮ್ಮ ಅದನ್ನು ಕೀಳುವುದಿಲ್ಲ. ಸಲೈನಿನಲ್ಲಿ ನೆನೆಸಿ, ಅದು ತಾನಾಗಿ ಬಿಡುವವರೆಗೆ ಕಾಯುತ್ತಾರೆ.

"ಉರಿ ಆದ್ರೆ ಹೇಳಿ ಯಜಮಾನ್ರೆ. ಸುಮ್ನೆ ಹಲ್ಲು ಕಚ್ಕೊಂಡಿರ್ಬೇಡಿ."

"ಹಲ್ಲೆಲ್ಲಿದೆ ಕಚ್ಚೋಕೆ?" ಎನ್ನುತ್ತಾರೆ ಯಜಮಾನರು.

ಪಟ್ಟಿ ಬಿಡುತ್ತದೆ. ಜಟ್ಟೆಮ್ಮ ಬಗ್ಗಿ ಮೊದಲು ವಾಸನೆ ನೋಡುತ್ತಾರೆ, ಆಮೇಲೆ ಬಣ್ಣ, ಆಮೇಲೆ ಕಾಗದದ ಅಳತೆಪಟ್ಟಿ ಇಟ್ಟು ಅಗಲ. ಒಂದು ಫೋಟೋ ತೆಗೆದು ಆಸ್ಪತ್ರೆಯ ಸಿಸ್ಟರ್ ಖುರ್ಷೀದಾ ಅವರಿಗೆ ಕಳಿಸುತ್ತಾರೆ. ಏಳು ತಿಂಗಳ ಹಿಂದೆ ಮೂರು ಬೆರಳು ಹಿಡಿಸುವಷ್ಟು ಆಳವಿದ್ದ ಗಾಯ ಇವತ್ತು ಹೆಬ್ಬೆರಳ ಉಗುರಿನಷ್ಟಿದೆ.

ಜಟ್ಟೆಮ್ಮನಿಗೆ ಐವತ್ತಮೂರು ವರ್ಷ. ಕೆ.ಆರ್. ಪುರದ ಎರಡು ಕೋಣೆಯ ಮನೆಯಲ್ಲಿ ಗಂಡ ಚಲುವಯ್ಯನಿಗೆ ತಿಂಡಿ ಮುಚ್ಚಿಟ್ಟು ಐದಕ್ಕೆಲ್ಲ ಹೊರಡುತ್ತಾರೆ. ದಿನಕ್ಕೆ ಐದು ಮನೆ: ಇಲ್ಲಿಂದ ಹೊಸ ತಿಪ್ಪಸಂದ್ರ, ಹಲಸೂರಿನಲ್ಲಿ ಎರಡು, ಕೊನೆಗೆ ರಿಚರ್ಡ್ಸ್ ಟೌನಿನ ಒಂದು ಫ್ಲ್ಯಾಟು. ಆರು ಬಸ್ಸು, ಹತ್ತು ಜೊತೆ ಕೈಗವಸು. ಹಾಸಿಗೆ ಹಿಡಿದವರ ಬೆನ್ನುಹುಣ್ಣು, ಸಕ್ಕರೆ ಕಾಯಿಲೆಯ ಕಾಲು, ಕ್ಯಾನ್ಸರಿನವರ ಗಾಯ, ಬೇರೆಯವರು ಮುಖ ತಿರುಗಿಸುವುದನ್ನೆಲ್ಲ ಅವರು ಹತ್ತಿರದಿಂದ ನೋಡುತ್ತಾರೆ.

"ಹೂವು ಮುಡಿಯೋದು ಬಿಟ್ಟು ಹನ್ನೆರಡು ವರ್ಷ ಆಯ್ತು," ಎನ್ನುತ್ತಾರೆ. "ಮಲ್ಲಿಗೆ ಘಮ ಇದ್ರೆ ಗಾಯದ ವಾಸನೆ ಗೊತ್ತಾಗಲ್ಲ. ಜ್ವರ ಬರೋಕ್ ಮುಂಚೆ ವಾಸನೆ ಬರುತ್ತೆ."

ಏಳನೇ ಕ್ಲಾಸಿಗೆ ಓದು ನಿಲ್ಲಿಸಿ, ಇಪ್ಪತ್ತಾರನೇ ವಯಸ್ಸಿನಲ್ಲಿ ಶಿವಾಜಿನಗರದ ಒಂದು ನರ್ಸಿಂಗ್ ಹೋಮಿಗೆ ಆಯಾ ಆಗಿ ಸೇರಿದವರು. ಬೆಡ್‌ಪ್ಯಾನ್ ಎತ್ತುವ ಕೆಲಸ. ಡ್ರೆಸ್ಸಿಂಗ್ ಟ್ರೇ ಹಿಡಿದು ನಿಂತಾಗ ಈಕೆಯ ಕೈ ನಡುಗದಿರುವುದನ್ನು ಗಮನಿಸಿದವರು ಆಗ ಅಲ್ಲೇ ನರ್ಸ್ ಆಗಿದ್ದ ಖುರ್ಷೀದಾ. ನರ್ಸಿಂಗ್ ಹೋಮ್ ಮುಚ್ಚಿತು, ಖುರ್ಷೀದಾ ದೊಡ್ಡ ಕ್ಯಾನ್ಸರ್ ಆಸ್ಪತ್ರೆ ಸೇರಿದರು. ಅಲ್ಲಿನ ಆರು ತಿಂಗಳ ಮನೆ ಶುಶ್ರೂಷೆಯ ತರಬೇತಿಗೆ ಜಟ್ಟೆಮ್ಮನನ್ನೂ ಎಳೆದುಕೊಂಡರು. "ಇಂಜೆಕ್ಷನ್ ನಾನು ಮುಟ್ಟಲ್ಲ. ಮಾತ್ರೆ ಬದಲಾಯ್ಸಲ್ಲ. ನನ್ನ ಗೆರೆ ನನಗೆ ಗೊತ್ತು."

ಆ ಗೆರೆಯ ಅಂಚಿಗೆ ಅವರನ್ನು ತಂದು ನಿಲ್ಲಿಸಿದ್ದು ಇದೇ ಮನೆ.

ಕಳೆದ ವರ್ಷ ಅವರೆಕಾಯಿ ಕಾಲದಲ್ಲಿ ದೊಡ್ಡಮುನಿಯಪ್ಪನವರ ಎಡತೊಡೆಯಲ್ಲಿ ನಿಂಬೆಹಣ್ಣಿನಷ್ಟು ಗಂಟು ಕಾಣಿಸಿಕೊಂಡಿತು. ನೋವಿರಲಿಲ್ಲ. ಹತ್ತಿರದ ಕ್ಲಿನಿಕ್ಕೊಂದರಲ್ಲಿ ಕೊಬ್ಬಿನ ಗಂಟೆಂದು ಕೊಯ್ದು ತೆಗೆದರು, ಪರೀಕ್ಷೆಗೆ ಕಳಿಸದೆ ಎಸೆದರು. ಹೊಲಿಗೆ ಕೂಡಲಿಲ್ಲ. ಪಟ್ಟಿ ಕಟ್ಟಲು ಜಟ್ಟೆಮ್ಮನನ್ನು ಕರೆದದ್ದು ಆಗ. ಒಂಬತ್ತನೇ ದಿನ ಅವರ ಕೈ ನಿಂತಿತು.

"ಗಾಯ ಅಂದ್ರೆ ದಿನಾ ಒಳಕ್ಕೆ ಸೇರ್ಕೋಬೇಕು. ಇದು ಹೊರಕ್ಕೆ ಬರ್ತಿತ್ತು. ಗಾಯ ಅಲ್ಲ ಇದು, ಏನೋ ಬೆಳೀತಿದೆ ಅನ್ನಿಸ್ತು."

ಫೋಟೋ ನೋಡಿದ ಖುರ್ಷೀದಾ ಕೂಡಲೇ ಫೋನ್ ಮಾಡಿದರು. "ಅದನ್ನ ಒತ್ಬೇಡ ಜಟ್ಟೆಮ್ಮ. ನಾಳೆನೇ ಕರ್ಕೊಂಡ್ ಬಾ."

ಸ್ಕ್ಯಾನ್ ಆಯಿತು. ಸೂಜಿ ಹಾಕಿ ಚೂರು ತೆಗೆದು ಪರೀಕ್ಷಿಸಿದರು. ಸಾರ್ಕೋಮಾ. ಮಾಂಸ, ಕೊಬ್ಬುಗಳಲ್ಲಿ ಹುಟ್ಟುವ ಕ್ಯಾನ್ಸರ್. ದೊಡ್ಡವರಿಗೆ ಬರುವ ನೂರು ಕ್ಯಾನ್ಸರುಗಳಲ್ಲಿ ಇಂಥದ್ದು ಒಂದಿದ್ದರೆ ಹೆಚ್ಚು.

ಮಗ ಮುನಿರಾಜ್ ಜಟ್ಟೆಮ್ಮನನ್ನು ಗೇಟಿನ ಹತ್ತಿರ ಕರೆದು ಹೇಳಿದರು. "ಅಪ್ಪಂಗೆ ಕ್ಯಾನ್ಸರ್ ಅಂತ ಗೊತ್ತಾಗೋದು ಬೇಡ. ಈ ವಯಸ್ಸಲ್ಲಿ ತಡ್ಕೊಳಲ್ಲ. ಕೀವು ಅಂತ ಹೇಳಿದ್ದೀವಿ. ನೀವೂ ಹಾಗೇ ಹೇಳಿ."

ಆಯಿತೆಂದರು ಜಟ್ಟೆಮ್ಮ. ನಾಲ್ಕು ದಿನ ಹಾಗೇ ಹೇಳಿದರು ಕೂಡ. ಐದನೇ ದಿನ ಪಟ್ಟಿ ಸುತ್ತುತ್ತಿದ್ದಾಗ ಯಜಮಾನರು ಕೈ ಹಿಡಿದರು.

"ಮನೇಲಿ ಎಲ್ರೂ ನನ್ನ ಹೆಣ ನೋಡ್ದಂಗೆ ನೋಡ್ತಾರೆ. ನೀನಾದ್ರೂ ಹೇಳು ಜಟ್ಟೆಮ್ಮ. ಏನಿದು?"

ಜಟ್ಟೆಮ್ಮ ಗಂಟು ಹಾಕಿ ಮುಗಿಸಿದರು. ಸುಳ್ಳು ಬಾಯಿಗೆ ಬರಲಿಲ್ಲ. ನಿಜ ಹೇಳುವ ಹಕ್ಕು ತಮ್ಮದಲ್ಲವೆಂದೂ ತಿಳಿದಿತ್ತು. "ನಿಮ್ಮ ಮಗನ್ನ ಕೇಳಿ ಯಜಮಾನ್ರೆ. ನಾನೂ ಅವ್ರಿಗೆ ಹೇಳ್ತೀನಿ," ಎಂದು ಹೊರಗೆ ಬಂದರು.

"ಅವ್ರು ಕೇಳಿದ್ರು," ಎಂದರು ಮುನಿರಾಜ್‌ಗೆ. "ಕಾಲು ಅವ್ರದು. ನಾಳೆ ನಾನು ಬರೋ ಹೊತ್ತಿಗೆ ನೀವೇ ಹೇಳಿರಿ. ಇಲ್ದಿದ್ರೆ ಬೇರೆಯವ್ರನ್ನ ನೋಡ್ಕೊಳ್ಳಿ. ಮುಖ ನೋಡ್ಕೊಂಡು ಸುಳ್ಳು ಹೇಳ್ತಾ ಆ ಗಾಯ ಮುಟ್ಟೋಕೆ ನನ್ನ ಕೈಲಾಗಲ್ಲ."

ಈ ಮಾತಾಡುವುದು ಅವರಿಗೆ ಸುಲಭವಾಗಿರಲಿಲ್ಲ. ಈ ಊರಿನ ಕೇರಿಯಲ್ಲೇ ಹುಟ್ಟಿದವರು ಜಟ್ಟೆಮ್ಮ. ವಿಮಾನ ಕಾರ್ಖಾನೆಯ ಗೋಡೆಯವರೆಗೂ ರಾಗಿ ಬೆಳೆಯುತ್ತಿದ್ದ ಕಾಲದಲ್ಲಿ ಅವರ ತಾಯಿ ಇದೇ ಮನೆಯ ಹೊಲದಲ್ಲಿ ಕಳೆ ಕಿತ್ತವರು, ಈ ಮನೆಯ ಹೊಸ್ತಿಲು ದಾಟದವರು. ಮೊದಲ ದಿನಗಳಲ್ಲಿ ಯಜಮಾನರ ಹೆಂಡತಿ ಬೈರಮ್ಮ ಕಾಫಿಯನ್ನು ಕಾಗದದ ಲೋಟದಲ್ಲಿ ಕೊಡುತ್ತಿದ್ದರು. ಜಟ್ಟೆಮ್ಮ, ಕೈ ತೊಳೆದಾಗಿದೆ ಎಂದು ಹೇಳಿ ಮುಟ್ಟುತ್ತಿರಲಿಲ್ಲ.

ಮಾರನೇ ದಿನ ಬಂದಾಗ ಬಾಗಿಲಲ್ಲಿ ಬೈರಮ್ಮ ನಿಂತಿದ್ದರು, ಕಣ್ಣು ಊದಿತ್ತು. "ಹೇಳಿದ್ವಿ. ರಾತ್ರಿಯೆಲ್ಲ ಅತ್ತಿದ್ದು ನಾವು, ಅವ್ರು ಚೆನ್ನಾಗೇ ನಿದ್ದೆ ಮಾಡಿದ್ರು. ಒಳಗೆ ಬಾ." ಆವತ್ತು ಕಾಫಿ ಮನೆಯವರ ಸ್ಟೀಲ್ ಲೋಟದಲ್ಲಿ ಬಂತು. ಜಟ್ಟೆಮ್ಮ ಕುಡಿದರು.

ಡಾಕ್ಟರುಗಳ ಮುಂದೆ ದೊಡ್ಡಮುನಿಯಪ್ಪ ತಾವೇ ಕೂತರು. ಹೃದಯ ಬಲವಿಲ್ಲದ್ದರಿಂದ ಕೀಮೋ ಬೇಡವೆಂದು ವೈದ್ಯರೇ ಬಿಟ್ಟಿದ್ದರು. ಉಳಿದದ್ದು ಎರಡು ದಾರಿ: ಕಾಲನ್ನೇ ತೆಗೆಯುವುದು, ಇಲ್ಲವೇ ಐದು ವಾರ ರೇಡಿಯೇಷನ್ ಕೊಟ್ಟು, ಸುತ್ತಲಿನ ಮಾಂಸದ ಸಮೇತ ಗಂಟನ್ನು ತೆಗೆದು ಕಾಲು ಉಳಿಸಲು ನೋಡುವುದು. ಎರಡನೆಯದರಲ್ಲಿ ಗಾಯ ಮಾಯಲು ತಿಂಗಳುಗಟ್ಟಲೆ ಬೇಕಾಗಬಹುದು. ವಯಸ್ಸಿದೆ, ಸಕ್ಕರೆ ಕಾಯಿಲೆಯೂ ಇದೆ.

"ನಲವತ್ತು ವರ್ಷ ಉತ್ತ ಕಾಲು ಸ್ವಾಮಿ," ಎಂದರಂತೆ ಯಜಮಾನರು. "ಉಳ್ಸೋಕಾದ್ರೆ ಉಳ್ಸಿ. ಆಗ್ದಿದ್ರೆ ತೆಗೀರಿ. ಆದ್ರೆ ನನ್ನ ಕೇಳಿ ತೆಗೀರಿ."

ಕಾಲು ಉಳಿಯಿತು. ಆದರೆ ವೈದ್ಯರು ಎಚ್ಚರಿಸಿದ್ದಂತೆ ಆಪರೇಷನ್ ಆದ ಹದಿನಾರನೇ ದಿನ ಹೊಲಿಗೆ ಬಿಚ್ಚಿಕೊಂಡಿತು. ಅಲ್ಲಿಂದ ಶುರುವಾದದ್ದು ಯಾವ ವರದಿಯಲ್ಲೂ ಕಾಣದ ಕೆಲಸ. ದಿನವೂ ತೊಳೆಯುವುದು, ಆಳಕ್ಕೆ ಬಟ್ಟೆ ತುಂಬುವುದು, ಮತ್ತೆ ಕಟ್ಟುವುದು. ಸೋಮವಾರ, ಶನಿವಾರ ಮೊಟ್ಟೆ ಮುಟ್ಟದ ಯಜಮಾನರನ್ನು ಒಪ್ಪಿಸುವುದು. "ಔಷಧಿ ಅರ್ಧ ಕೆಲಸ ಮಾಡುತ್ತೆ, ಮೊಟ್ಟೆ ಇನ್ನರ್ಧ. ದೇವ್ರ ಹತ್ರ ನಾನು ಮಾತಾಡ್ಕೋತೀನಿ ಅಂದೆ." ಮೊಮ್ಮಗಳು ಭವ್ಯ ಸಕ್ಕರೆ ಪರೀಕ್ಷೆಯ ಲೆಕ್ಕ ಬರೆದಿಡತೊಡಗಿದಳು.

ಮೂರನೇ ತಿಂಗಳಲ್ಲಿ ಒಂದು ಬೆಳಿಗ್ಗೆ ಪಟ್ಟಿ ಬಿಚ್ಚಿದಾಗ ಹುಳಿ ವಾಸನೆ ಬಂತು. ಜ್ವರವಿರಲಿಲ್ಲ, ಗಾಯವೂ ಕೆಂಪಗಿರಲಿಲ್ಲ. ಭಾನುವಾರ ಬೇರೆ, ನಾಳೆ ನೋಡೋಣವೆಂದರು ಮುನಿರಾಜ್. ಜಟ್ಟೆಮ್ಮ ಕೇಳಲಿಲ್ಲ. ಖುರ್ಷೀದಾಗೆ ಫೋನ್ ಮಾಡಿ, ತಾವೇ ಕಾರಿನಲ್ಲಿ ಕೂತು ಕರೆದೊಯ್ದರು. ಒಳಗಡೆ ನಂಜು ಸೇರಿತ್ತು. ಇನ್ನೆರಡು ದಿನ ತಡವಾಗಿದ್ದರೆ ಕಾಲಿರಲಿ, ಜೀವವೇ ಕಷ್ಟವಿತ್ತು ಎಂದು ಆಮೇಲೆ ಹೇಳಿದವರು ಖುರ್ಷೀದಾ. ಜಟ್ಟೆಮ್ಮ ಅದನ್ನು ತಾವಾಗಿ ಹೇಳಿಕೊಳ್ಳುವವರಲ್ಲ.

ಈಗ ದೊಡ್ಡಮುನಿಯಪ್ಪ ಕೋಲೂರಿಕೊಂಡು ಬೀದಿ ತುದಿಯ ಟೀ ಅಂಗಡಿಗೆ ಹೋಗಿಬರುತ್ತಾರೆ. ತೊಡೆಯ ಸ್ಕ್ಯಾನಿನಲ್ಲಿ ಏನೂ ಇಲ್ಲ. ಶ್ವಾಸಕೋಶದಲ್ಲಿ ಸಾಸಿವೆಯಷ್ಟು ಚುಕ್ಕೆಯೊಂದು ಕಾಣಿಸಿದೆ. ಅದು ಏನೆಂದು ಹೇಳಲಾಗದು, ಮೂರು ತಿಂಗಳಿಗೊಮ್ಮೆ ನೋಡೋಣ ಎಂದಿದ್ದಾರೆ ವೈದ್ಯರು. ಈ ಸಲ ಯಾರೂ ಅದನ್ನು ಅವರಿಂದ ಮುಚ್ಚಿಡಲಿಲ್ಲ. "ಇದ್ರೆ ಇರ್ಲಿ. ಗೊತ್ತಿದ್ರೆ ಭಯ ಕಮ್ಮಿ," ಎನ್ನುತ್ತಾರೆ ಯಜಮಾನರು.

ಪಟ್ಟಿ ಕಟ್ಟಿ, ಹಳೆಯದನ್ನು ಆಸ್ಪತ್ರೆ ಕಸದ ಹಳದಿ ಚೀಲಕ್ಕೆ ಹಾಕಿ, ಜಟ್ಟೆಮ್ಮ ಎದ್ದು ನಿಲ್ಲುತ್ತಾರೆ. ಇನ್ನೊಂದು ತಿಂಗಳಿಗೆ ಈ ಮನೆಯ ಕೆಲಸ ಮುಗಿಯಬಹುದು. ಎಷ್ಟೋ ಮನೆಗಳಲ್ಲಿ ಗಾಯ ಮಾಯುವ ಮೊದಲೇ ಮನುಷ್ಯ ಹೋಗಿಬಿಡುತ್ತಾನೆ. ಆ ಮನೆಗಳಿಗೂ ಕೊನೆಯ ದಿನದವರೆಗೆ ಹೋದವರು ಅವರು. "ಸಾಯೋರ ಗಾಯನೂ ಶುದ್ಧವಾಗೇ ಇರ್ಬೇಕಲ್ವಾ?"

ನಿಮಗೇನು ಬೇಕು ಎಂದು ಕೇಳಿದರೆ ಚೀಲದ ಬಾಯಿ ಕಟ್ಟುತ್ತಾ ಹೇಳುತ್ತಾರೆ.

"ಅಪಾರ್ಟ್‌ಮೆಂಟ್ ಗೇಟಲ್ಲಿ ಪುಸ್ತಕ ಇಟ್ಟಿರ್ತಾರಲ್ಲ, ಅದ್ರಲ್ಲಿ ನನ್ನ ಹೆಸರಿನ ಮುಂದೆ ಮನೆಗೆಲಸ ಅಂತ ಬರ್ಕೋತಾರೆ. ಅದೇನು ಕೀಳು ಕೆಲಸ ಅಲ್ಲ, ನಮ್ಮಕ್ಕ ಅದೇ ಮಾಡೋದು. ಆದ್ರೆ ನನ್ನ ಕೆಲಸ ಬೇರೆ. ಅದನ್ನ ಅದರ ಹೆಸರಲ್ಲಿ ಬರ್ಕೊಂಡ್ರೆ ಸಾಕು."

ಮಧ್ಯಾಹ್ನ ರಿಚರ್ಡ್ಸ್ ಟೌನಿನ ಗೇಟಿನಲ್ಲಿ ಕಾವಲುಗಾರ ಎಂದಿನಂತೆ ಪುಸ್ತಕ ತೆರೆಯುತ್ತಾನೆ. ಜಟ್ಟೆಮ್ಮ ಅವನ ಕೈಯಿಂದ ಪೆನ್ನು ಇಸಿದುಕೊಂಡು, ಏಳನೇ ಕ್ಲಾಸಿನ ದುಂಡು ಅಕ್ಷರದಲ್ಲಿ ತಾವೇ ಬರೆಯುತ್ತಾರೆ: ಜಟ್ಟೆಮ್ಮ. ಗಾಯ ವಾಸಿ ಮಾಡುವ ಕೆಲಸ.